ಅಂಚಿನ ಟಿಪ್ಪಣಿಗೂ ಬೆಲೆಯಿದೆ: ವ್ಯಾಪಾರದ ದಾಖಲೆಗಳಿಗೆ ಸಮಾನ ಪದಕೋಶ ಬೇಕು

ವ್ಯಾಪಾರ ನಂಬಿಕೆಯ ಮೇಲೆ ನಡೆಯುತ್ತದೆ ಎಂಬುದು ಹಿರಿಯರ ಮಾತು. ಆ ನಂಬಿಕೆಗೆ ಆಸರೆಯಾಗಿ ನಿಲ್ಲುವುದು ಕಾಗದ. ತೂಕದ ಚೀಟಿ, ದಲಾಲಿ ಅಂಗಡಿಯ ಪಟ್ಟಿ, ಶೈತ್ಯಾಗಾರದ ರಶೀದಿ, ಪ್ರಯೋಗಾಲಯದ ವರದಿ, ಖರೀದಿದಾರರ ಆದೇಶಪತ್ರ ಇವೆಲ್ಲ ಒಂದೇ ಮಾಲಿನ ಹಿಂದೆ ಸಾಗುತ್ತವೆ. ಇವುಗಳ ಅಂಚಿನಲ್ಲಿ ಮಾಲನ್ನು ಕಂಡವರು ‘ತೇವ ಹೆಚ್ಚು’, ‘ಮಾದರಿಯಂತಿಲ್ಲ’, ‘ಮರುತೂಕ ಆಗಬೇಕು’ ಎಂದು ಬರೆದಿಡುತ್ತಾರೆ. ವ್ಯವಹಾರದ ನಿಜವಾದ ಕಥೆ ಇರುವುದು ಈ ಅಂಚಿನ ಬರಹದಲ್ಲಿ. ಆದರೆ ಮಾಲು ಕೈ ಬದಲಾದೊಡನೆ ಈ ಬರಹ ಹಿಂದೆ ಉಳಿಯುತ್ತದೆ. ವಿವಾದ ತಲೆದೋರಿದಾಗ ಯಾರು, ಯಾವಾಗ, ಯಾವ ಚೀಲವನ್ನು ಕುರಿತು ಹಾಗೆ ಬರೆದರೆಂಬುದಕ್ಕೆ ಉತ್ತರ ದೊರೆಯುವುದಿಲ್ಲ. ಈ ನಷ್ಟವನ್ನು ತಡೆಯುವ ತಂತ್ರಜ್ಞಾನ ಇಂದು ಲಭ್ಯವಿದೆ. ಅದನ್ನು ಬಳಸಿಕೊಳ್ಳುವ ಮೊದಲು ವ್ಯಾಪಾರಿ ಸಮುದಾಯ ತಾನೇ ಮಾಡಿಕೊಳ್ಳಬೇಕಾದ ಕೆಲಸವೊಂದಿದೆ.

ಅರ್ಥವನ್ನು ಅರಿಯುವ ಜಾಲ

ಸೆಮ್ಯಾಂಟಿಕ್ ವೆಬ್ ಎಂಬ ಕಲ್ಪನೆ ಹೊಸದೇನಲ್ಲ. ವರ್ಲ್ಡ್ ವೈಡ್ ವೆಬ್‌ನ ಜನಕ ಟಿಮ್ ಬರ್ನರ್ಸ್-ಲೀ ಅವರು 2001ರಲ್ಲಿ ಜೇಮ್ಸ್ ಹೆಂಡ್ಲರ್ ಹಾಗೂ ಓರಾ ಲಾಸಿಲಾ ಅವರೊಡನೆ ಬರೆದ ಲೇಖನದಿಂದ ಇದು ಜನಸಾಮಾನ್ಯರ ಗಮನಕ್ಕೆ ಬಂದಿತು. ಇದರ ತಿರುಳು ಸರಳವಾಗಿದೆ. ಗಣಕಯಂತ್ರಕ್ಕೆ ‘ಡಬ್ಬಿ’ ಎಂಬುದು ಕೇವಲ ಅಕ್ಷರಗಳ ಸಾಲು. ಅದು ಮೆಣಸಿನಕಾಯಿಯ ತಳಿಯೋ ತಗಡಿನ ಡಬ್ಬಿಯೋ ಯಂತ್ರಕ್ಕೆ ತಿಳಿಯದು. ಆದುದರಿಂದ ಪ್ರತಿಯೊಂದು ವಸ್ತುವಿಗೂ ಪರಿಕಲ್ಪನೆಗೂ ಒಂದು ಶಾಶ್ವತ ವಿಳಾಸ ನೀಡಿ, ಪ್ರತಿ ಸಂಗತಿಯನ್ನು ಮೂರು ಭಾಗಗಳ ಚಿಕ್ಕ ವಾಕ್ಯವಾಗಿ ದಾಖಲಿಸಲಾಗುತ್ತದೆ. ‘ಈ ಲಾಟ್’, ‘ಇದರ ತಳಿ’, ‘ಡಬ್ಬಿ’ ಎಂಬುದು ಒಂದು ವಾಕ್ಯ. ‘ಈ ಲಾಟ್’, ‘ಇರಿಸಿದ ಸ್ಥಳ’, ‘ಇಂಥ ಶೈತ್ಯಾಗಾರ’ ಎಂಬುದು ಮತ್ತೊಂದು. ಇಂತಹ ವಾಕ್ಯಗಳು ಬೇರೆ ಬೇರೆ ಅಂಗಡಿಗಳ ಗಣಕಯಂತ್ರಗಳಲ್ಲಿದ್ದರೂ ವಿಳಾಸ ಒಂದೇ ಆಗಿರುವುದರಿಂದ ಪರಸ್ಪರ ಬೆಸೆದುಕೊಳ್ಳುತ್ತವೆ.

ಇದೇ ತಳಹದಿಯ ಮೇಲೆ ದಾಖಲೆಗಳಿಗೆ ಟಿಪ್ಪಣಿ ಬರೆಯುವ ಪದ್ಧತಿಯೂ ರೂಪುಗೊಂಡಿದೆ. ವೆಬ್‌ನ ಮಾನಕಗಳನ್ನು ನಿಗದಿಪಡಿಸುವ ಡಬ್ಲ್ಯು3ಸಿ ಸಂಸ್ಥೆಯು 2017ರ ಫೆಬ್ರವರಿಯಲ್ಲಿ ಟಿಪ್ಪಣಿಗಳ ಮಾನಕವನ್ನು ಅಂಗೀಕರಿಸಿತು. ಅದರಂತೆ ಟಿಪ್ಪಣಿಗೆ ಎರಡು ಅಂಗಗಳು: ಹೇಳುವ ಮಾತು ಒಂದು, ಆ ಮಾತು ಯಾವ ದಾಖಲೆಯ ಯಾವ ಭಾಗಕ್ಕೆ ಸಂಬಂಧಿಸಿದ್ದೆಂಬ ಗುರಿ ಇನ್ನೊಂದು. ಬರೆದವರು ಯಾರು, ಬರೆದ ಸಮಯ ಯಾವುದು, ಉದ್ದೇಶ ಪ್ರಶ್ನೆಯೋ ತಿದ್ದುಪಡಿಯೋ ಎಂಬುದನ್ನೂ ಜೊತೆಗೆ ಸೇರಿಸಬಹುದು. ಮುಖ್ಯವಾದ ಸಂಗತಿಯೆಂದರೆ ಟಿಪ್ಪಣಿಯು ಮೂಲ ದಾಖಲೆಯಿಂದ ಬೇರೆಯಾಗಿಯೇ ಇರುತ್ತದೆ, ಮೂಲ ತಿದ್ದಲ್ಪಡುವುದಿಲ್ಲ.

ಅಬಲೂರಿನ ಕಲ್ಲು ಹೇಳುವ ಪಾಠ

ಈ ತತ್ತ್ವ ನಮ್ಮ ನಾಡಿಗೆ ಅಪರಿಚಿತವಲ್ಲ. ಹಿರೇಕೆರೂರು ತಾಲ್ಲೂಕಿನ ಅಬಲೂರಿನಲ್ಲಿ ಏಕಾಂತದ ರಾಮಯ್ಯನ ವೃತ್ತಾಂತವನ್ನು ಹೇಳುವ, ಸುಮಾರು ಕ್ರಿ.ಶ. 1200ರ ಶಾಸನವಿದೆ. ಜೆ.ಎಫ್. ಫ್ಲೀಟ್ ಅವರು ಅಬಲೂರಿನ ಶಾಸನಗಳನ್ನು ಓದಿ, ಅನುವಾದ ಹಾಗೂ ಟಿಪ್ಪಣಿಗಳೊಡನೆ ‘ಎಪಿಗ್ರಾಫಿಯಾ ಇಂಡಿಕಾ’ದ 5ನೆಯ ಸಂಪುಟದಲ್ಲಿ ಪ್ರಕಟಿಸಿದರು. ಅವರ ಕೆಲವು ತೀರ್ಮಾನಗಳನ್ನು ನಂತರದ ವಿದ್ವಾಂಸರು ಪ್ರಶ್ನಿಸಿದರು. ಒಂದು ಸಾಲಿಗೆ ಹಲವು ವ್ಯಾಖ್ಯಾನಗಳು ಹುಟ್ಟಿದವು, ಆದರೆ ಕಲ್ಲಿನ ಮೇಲಿನ ಅಕ್ಷರವನ್ನು ಯಾರೂ ಕೆತ್ತಿ ಬದಲಿಸಲಿಲ್ಲ. ಪ್ರತಿಯೊಬ್ಬರೂ ‘ಇಂಥ ಸಾಲಿನ ಬಗ್ಗೆ ನನ್ನ ಅಭಿಪ್ರಾಯ ಇದು’ ಎಂದು ತಮ್ಮ ಹೆಸರಿನಲ್ಲಿ ಬರೆದರು. ಆ ಕಾರಣದಿಂದಲೇ ಒಂದು ಶತಮಾನ ಕಳೆದರೂ ಯಾರು ಏನು ಹೇಳಿದರೆಂಬುದನ್ನು ಪರಿಶೀಲಿಸಲು ಸಾಧ್ಯವಾಗಿದೆ. ವ್ಯಾಪಾರದ ದಾಖಲೆಗೂ ಈ ಶಿಸ್ತು ಬೇಕು.

ಒಂದು ಸಂಕೇತ, ಹಲವು ಮಾಲು

ಅಬಲೂರಿನಿಂದ ಹೆಚ್ಚು ದೂರವಿಲ್ಲದ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಗಿಡ್ಡಾಗಿ ದುಂಡಗಿರುವ ಡಬ್ಬಿ, ಉದ್ದವಾಗಿ ತೆಳ್ಳಗೆ ಸುಕ್ಕುಗಟ್ಟಿದ ಕಡ್ಡಿ, ಹೊರಗಿನಿಂದ ಬರುವ ಗುಂಟೂರು ತಳಿಗಳು ಇವೆಲ್ಲವುಗಳ ಬಣ್ಣ, ಖಾರ, ಬೆಲೆ ಬೇರೆ ಬೇರೆ. ಆದರೆ ತೆರಿಗೆ ದಾಖಲೆಯ ಎಚ್‌ಎಸ್‌ಎನ್ ಸಂಕೇತದಲ್ಲಿ ಪುಡಿ ಮಾಡದ ಒಣಮೆಣಸಿನಕಾಯಿಯೆಲ್ಲವೂ 090421, ಪುಡಿಯೆಲ್ಲವೂ 090422. ಸರಕಾರಕ್ಕೆ ಇಷ್ಟು ಸಾಕು, ವ್ಯಾಪಾರಿಗೆ ಸಾಲದು. ಓಲಿಯೋರೆಸಿನ್ ತಯಾರಕನಿಗೆ ಬಣ್ಣದ ಆಸ್ಟಾ ಮೌಲ್ಯ ಬೇಕು, ಖಾರದ ಪುಡಿಯ ಗಿರಣಿಗೆ ಖಾರ ಮತ್ತು ತೇವಾಂಶ ತಿಳಿಯಬೇಕು. ಈ ವಿವರಗಳು ಇಂದು ಉಳಿದಿರುವುದು ಅಂಚಿನ ಟಿಪ್ಪಣಿಯಲ್ಲಿ ಮಾತ್ರ. ಅಲ್ಲಿಯೂ ಒಂದು ಅಂಗಡಿಯ ‘ಮಧ್ಯಮ’ ಇನ್ನೊಂದು ಅಂಗಡಿಯಲ್ಲಿ ‘ಉತ್ತಮ’ವಾಗಬಹುದು.

ಅರ್ಥದ ಗೊಂದಲಕ್ಕೆ ತೆರಬೇಕಾದ ಬೆಲೆ ಚಿಕ್ಕದಲ್ಲ. 2024ರ ಮಾರ್ಚ್ 11ರಂದು ದರ ಕುಸಿತದಿಂದ ಕೆರಳಿದ ಬೆಳೆಗಾರರು ಬ್ಯಾಡಗಿಯ ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿದ್ದಿತು. ಯಾವ ತಂತ್ರಾಂಶವೂ ಪೇಟೆಯ ದರವನ್ನು ಎತ್ತಿ ಹಿಡಿಯಲಾರದು. ಆದರೆ ತನ್ನ ಲಾಟಿಗೆ ಈ ದರ ಏಕೆ ಬಂತೆಂದು ಕೇಳುವ ರೈತನಿಗೆ ತಳಿ, ತೇವಾಂಶ, ಬಣ್ಣಗೆಟ್ಟ ಕಾಯಿಯ ಪ್ರಮಾಣ, ಮಾದರಿ ನೋಡಿದವರ ಹೆಸರು ಇವುಗಳನ್ನು ಲಿಖಿತವಾಗಿ ತೋರಿಸಬಹುದಾದ ಪೇಟೆಗೂ, ‘ದರವೇ ಇಷ್ಟು’ ಎಂದು ಕೈಚೆಲ್ಲುವ ಪೇಟೆಗೂ ಬಹಳ ವ್ಯತ್ಯಾಸವಿದೆ. ಕಾರಣ ತಿಳಿದ ನಷ್ಟವನ್ನು ಮನುಷ್ಯ ಸಹಿಸಬಲ್ಲ, ಕಾರಣ ತಿಳಿಯದ ನಷ್ಟ ಸಂಶಯವನ್ನು ಬೆಳೆಸುತ್ತದೆ.

ಆಕ್ಷೇಪಗಳಿಗೆ ಸಮಾಧಾನ

ಇದೆಲ್ಲ ದೊಡ್ಡ ಕಂಪನಿಗಳಿಗೆ ಸರಿ, ಸಣ್ಣ ವರ್ತಕರಿಗೇಕೆ ಎಂಬ ಪ್ರಶ್ನೆ ಸಹಜ. ಏಕರೂಪದ ದಾಖಲೆಯ ಯುಗಕ್ಕೆ ಸಣ್ಣ ವರ್ತಕರೂ ಈಗಾಗಲೇ ಕಾಲಿಟ್ಟಿದ್ದಾರೆ. 2014ರಲ್ಲಿ ಆರಂಭವಾದ ರಾಜ್ಯದ ಏಕೀಕೃತ ಮಾರುಕಟ್ಟೆ ವೇದಿಕೆ ಹರಾಜನ್ನು ಗಣಕೀಕರಿಸಿತು. 2020ರ ಅಕ್ಟೋಬರ್‌ನಲ್ಲಿ 500 ಕೋಟಿ ರೂಪಾಯಿಗೂ ಮಿಗಿಲಾದ ವಹಿವಾಟಿನವರಿಗೆ ಕಡ್ಡಾಯವಾದ ಇ-ಇನ್‌ವಾಯ್ಸ್, 2023ರ ಆಗಸ್ಟ್ 1ರಿಂದ 5 ಕೋಟಿ ರೂಪಾಯಿ ಮೀರಿದವರಿಗೂ ಅನ್ವಯವಾಯಿತು. ಅಲ್ಲಿ ಪದಗಳನ್ನೂ ನಮೂನೆಯನ್ನೂ ಬೇರೆಯವರು ನಿರ್ಧರಿಸಿದರು, ವರ್ತಕರು ಹೊಂದಿಕೊಂಡರು. ಗುಣಮಟ್ಟದ ಪದಗಳನ್ನಾದರೂ ವರ್ತಕರೇ ನಿರ್ಧರಿಸದಿದ್ದರೆ ನಾಳೆ ದೊಡ್ಡ ಖರೀದಿದಾರರು ತಮ್ಮ ಅನುಕೂಲಕ್ಕೆ ತಕ್ಕಂತೆ ಅವುಗಳನ್ನು ನಿರ್ಧರಿಸುತ್ತಾರೆ.

ಗುಟ್ಟು ರಟ್ಟಾಗುವುದೆಂಬ ಭಯ ಎರಡನೆಯದು. ಹಂಚಿಕೊಳ್ಳಬೇಕಾದದ್ದು ಪದದ ಅರ್ಥವೇ ಹೊರತು ಪ್ರತಿಯೊಂದು ವ್ಯವಹಾರವಲ್ಲ. ಟಿಪ್ಪಣಿ ದಾಖಲೆಯಿಂದ ಬೇರೆ ಇರುವುದರಿಂದ ದರದ ಮಾತನ್ನು ಇಬ್ಬರ ನಡುವೆಯೇ ಉಳಿಸಿ, ತೇವಾಂಶದ ಮಾತನ್ನು ಶೈತ್ಯಾಗಾರದವರಿಗೂ ಕಾಣಿಸುವಂತೆ ವ್ಯವಸ್ಥೆ ಮಾಡಬಹುದು. ಮೂರನೆಯದು ವೆಚ್ಚ. ಆರಂಭಕ್ಕೆ ದುಬಾರಿ ತಂತ್ರಾಂಶ ಬೇಕಿಲ್ಲ, ಎಲ್ಲರೂ ಒಪ್ಪಿದ ಒಂದು ಪದಪಟ್ಟಿ ಸಾಕು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 1980ರ ದಶಕದಿಂದ ಬೆಳೆಸಿಕೊಂಡು ಬಂದಿರುವ ಅಗ್ರೋವಾಕ್ ಎಂಬ ಕೃಷಿ ಪದಕೋಶ ಹಿಂದಿಯೂ ಸೇರಿದಂತೆ ಹಲವು ಭಾಷೆಗಳಲ್ಲಿ ಉಚಿತವಾಗಿ ದೊರೆಯುತ್ತದೆ. ಅದರ ವಿಳಾಸಗಳಿಗೆ ಪೇಟೆಯ ಕನ್ನಡ ಪದಗಳನ್ನು ಜೋಡಿಸಿಕೊಳ್ಳುವುದು ಅಸಾಧ್ಯವೇನಲ್ಲ.

ಮಾಡಬೇಕಾದುದೇನು?

ಮೊದಲನೆಯದಾಗಿ, ವಾಣಿಜ್ಯ ಸಂಸ್ಥೆಗಳು ದಲಾಲರು, ಖರೀದಿದಾರರು, ಶೈತ್ಯಾಗಾರದವರು, ಗಿರಣಿದಾರರು ಹಾಗೂ ಬೆಳೆಗಾರರನ್ನು ಒಂದೆಡೆ ಕೂಡಿಸಿ ಒಂದೇ ಬೆಳೆಯ ಪದಗಳನ್ನು ಪಟ್ಟಿ ಮಾಡಬೇಕು. ಮೆಣಸಿನಕಾಯಿಯಲ್ಲಿ ಯಶಸ್ಸು ಕಂಡ ಮೇಲೆ ಹಿರೇಕೆರೂರು, ಹಾನಗಲ್ಲ ಕಡೆಯ ಮೆಕ್ಕೆಜೋಳ, ಹತ್ತಿಗಳಿಗೆ ಅದನ್ನು ವಿಸ್ತರಿಸಬಹುದು. ಎರಡನೆಯದಾಗಿ, ಕನ್ನಡವನ್ನು ಯೂನಿಕೋಡ್‌ನಲ್ಲಿಯೇ ಬರೆಯಬೇಕು. ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡಿದ ಕಡತ ಕಣ್ಣಿಗೆ ಕನ್ನಡವಾಗಿ ಕಂಡರೂ ಗಣಕಯಂತ್ರಕ್ಕೆ ಅದು ಅರ್ಥವಿಲ್ಲದ ಚಿಹ್ನೆಗಳ ರಾಶಿ, ಹುಡುಕಿದರೆ ಸಿಗದು. ಮೂರನೆಯದಾಗಿ, ತಂತ್ರಾಂಶ ಕೊಳ್ಳುವಾಗ ಟಿಪ್ಪಣಿಗಳನ್ನು ಮುಕ್ತ ಮಾನಕದಲ್ಲಿ ಹೊರತೆಗೆಯುವ ಹಕ್ಕನ್ನು ಕರಾರಿನಲ್ಲಿಯೇ ಬರೆಸಿಕೊಳ್ಳಬೇಕು. ಇಲ್ಲವಾದರೆ ಹತ್ತು ವರ್ಷಗಳ ವ್ಯಾಪಾರದ ನೆನಪು ತಂತ್ರಾಂಶ ಮಾರಿದವರ ಸೊತ್ತಾಗಿಬಿಡುತ್ತದೆ.

ಈ ಮೂರರಲ್ಲಿ ಮೊದಲನೆಯದೇ ಕಠಿಣ. ಯಂತ್ರಗಳನ್ನು ಹಣ ಕೊಟ್ಟು ತರಬಹುದು, ‘ಉತ್ತಮ’ವೆಂದರೆ ಏನೆಂಬ ಒಪ್ಪಂದವನ್ನು ಕೊಳ್ಳಲಾಗದು. ಪೈಪೋಟಿಯಲ್ಲಿರುವ ವರ್ತಕರು ಒಂದೇ ಮೇಜಿನ ಸುತ್ತ ಕುಳಿತು ಅದನ್ನು ಮಾಡಿಕೊಳ್ಳಬೇಕು. ಮುಂದಿನ ಸುಗ್ಗಿಯ ಮಾಲು ಪೇಟೆಗೆ ಬರುವುದಕ್ಕೆ ಮುನ್ನ ಆ ಮೇಜನ್ನು ಸಿದ್ಧಪಡಿಸುವುದು ವಾಣಿಜ್ಯ ಸಂಸ್ಥೆಗಳ ಕರ್ತವ್ಯ.