ಮದುವೆ ಮುರಿದರೆ ಕ್ರಯಪತ್ರ ಹರಿಯುವುದಿಲ್ಲ

ಮಂಡ್ಯದ ಮನೆಯೊಂದರ ಜಗಲಿಯಲ್ಲಿ, ತಿಥಿ ಊಟ ಮುಗಿದ ಮೇಲೆ, ಮದ್ದೂರಿನ ಹಿರಿಯ ನೆಂಟರೊಬ್ಬರು ಕೇಳಿದರು: "ಬುಟ್ಟೋದೋಳಿಗೆ ಈ ಮನೇಲಿ ಯಾವ ಪಾಲು?" ಕೂತಿದ್ದವರೆಲ್ಲ ತಲೆಯಾಡಿಸಿದರು.

ಬಿಟ್ಟುಹೋದವಳು ಎಂದರೆ ನನ್ನ ಅಕ್ಕ. ಮಳವಳ್ಳಿಯಲ್ಲಿ ಟೀಚರ್. ಮನೆಯ ಕ್ರಯಪತ್ರದಲ್ಲಿ ಅಕ್ಕ, ಭಾವ ಇಬ್ಬರ ಹೆಸರೂ ಸಮಪಾಲಾಗಿ ಇದೆ. ಸಾಲದ ಕಂತು ಇಬ್ಬರ ಸಂಬಳದಿಂದಲೂ ಹೋಗಿದೆ. ವಿಚ್ಛೇದನವಾಯಿತು, ಭಾವ ಮತ್ತೆ ಮದುವೆಯಾದರು. ಈಗ ತೀರಿಕೊಂಡಿದ್ದಾರೆ. ಉಯಿಲು ಬರೆದಿಲ್ಲ.

ಅಂದು ಸಾವಿನ ಮನೆಯೆಂದು ಸುಮ್ಮನಿದ್ದೆ. ಇಂದು ಹೇಳುತ್ತೇನೆ. ವಿಚ್ಛೇದನ ಕೊನೆಗಾಣಿಸುವುದು ದಾಂಪತ್ಯವನ್ನು, ಮಾಲೀಕತ್ವವನ್ನಲ್ಲ. ಅಕ್ಕ ತನ್ನ ಪಾಲನ್ನು ಯಾರಿಗೂ ಬರೆದುಕೊಟ್ಟಿಲ್ಲ, ಕೋರ್ಟಿನ ಡಿಕ್ರಿಯೂ ಅದನ್ನು ಕಿತ್ತುಕೊಂಡಿಲ್ಲ. ಹಾಗಾಗಿ ಅರ್ಧ ಮನೆ ಇಂದಿಗೂ ಅವಳದೇ. ವಾರಸುದಾರಿಕೆಯ ಪ್ರಶ್ನೆ ಇರುವುದು ಭಾವನ ಅರ್ಧಕ್ಕೆ ಮಾತ್ರ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಆ ಅರ್ಧ ಅವರ ತಾಯಿಗೆ, ಎರಡನೆಯ ಹೆಂಡತಿಗೆ, ಆಕೆಯ ಮಗಳಿಗೆ ಮತ್ತು ಅಕ್ಕನ ಮಗನಿಗೆ ಸಮನಾಗಿ ಸೇರುತ್ತದೆ. ಒಬ್ಬೊಬ್ಬರಿಗೆ ಇಡೀ ಮನೆಯ ಎಂಟನೇ ಒಂದು ಭಾಗ. ಆ ಅರ್ಧದಲ್ಲಿ ಅಕ್ಕನಿಗೆ ಏನೂ ಇಲ್ಲ, ಅವಳು ಕೇಳಿಯೂ ಇಲ್ಲ.

ಆದರೆ ನೆಂಟರು ಬರೆಸಲು ಹೊರಟ ವಂಶವೃಕ್ಷದಲ್ಲಿ ಅಕ್ಕನ ಮಗನ ಹೆಸರೇ ಇರಲಿಲ್ಲ. "ಅವ್ವನ ಜೊತೆ ಹೋದ ಹುಡುಗ" ಎಂಬುದು ಅವರ ಸಮಜಾಯಿಷಿ. ಅಪ್ಪನಿಗೂ ಅಮ್ಮನಿಗೂ ವಿಚ್ಛೇದನವಾಗಬಹುದು. ಅಪ್ಪನಿಗೂ ಮಗನಿಗೂ ಆಗುತ್ತದೆಯೇ? ಇನ್ನು ಆ ಎರಡನೆಯ ಹೆಂಡತಿಗೆ "ಅವರು ಬಂದರೆ ನಿನ್ನನ್ನು ಬೀದಿಗೆ ಹಾಕುತ್ತಾರೆ" ಎಂದು ಹೆದರಿಸಿದವರೂ ಇದೇ ಜನ. ಆಕೆ ನಮಗೆ ಶತ್ರುವಲ್ಲ. ಇಬ್ಬರು ಹೆಂಗಸರ ನಡುವೆ ಜಗಳ ಹಚ್ಚಿ ಮನೆಯನ್ನು ತಮ್ಮ ಕಡೆಗೆ ಎಳೆದುಕೊಳ್ಳುವ ಗಂಡಸರ ಜಾಣತನವೇ ನನ್ನ ತಕರಾರು.

ಜಗಲಿಯ ಈ ಬುದ್ಧಿ ಕಾಯ್ದೆಯೊಳಗೂ ಇದೆ. ಅದೇ ಕಾಯ್ದೆಯ 15ನೇ ಕಲಮಿನಂತೆ, ಗಂಡನೂ ಮಕ್ಕಳೂ ಇಲ್ಲದ ಹೆಂಗಸು ಉಯಿಲು ಬರೆಯದೆ ಸತ್ತರೆ ಅವಳ ಸ್ವಂತ ದುಡಿಮೆಯ ಆಸ್ತಿ ಮೊದಲು ಹೋಗುವುದು ಗಂಡನ ವಾರಸುದಾರರಿಗೆ. ಹೆತ್ತವರ ಸರದಿ ಆಮೇಲೆ. ನಾರಾಯಣಿ ದೇವಿ ಎಂಬಾಕೆ ಮದುವೆಯಾದ ಮೂರೇ ತಿಂಗಳಿಗೆ ವಿಧವೆಯಾದರು. ಅತ್ತೆಮನೆಯವರು ಹೊರಗೆ ಹಾಕಿದರು, ತವರಿನವರು ಓದಿಸಿದರು, ಕೆಲಸಕ್ಕೆ ಸೇರಿ ದುಡಿದರು. ಅವರು ಕೂಡಿಟ್ಟ ಹಣ ಗಂಡನ ಕಡೆಯವರಿಗೇ ಸೇರಬೇಕೆಂದು 2009ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಕಾಯ್ದೆ ಇರುವುದೇ ಹಾಗೆ ಎಂದಿತು. ಹಾಗಾದರೆ ಬದಲಾಗಬೇಕಾದ್ದು ಕಾಯ್ದೆ.

ಅದು ಬದಲಾಗುವವರೆಗೆ ಕಾಯುತ್ತಾ ಕೂರಬೇಕಿಲ್ಲ. ಓದುತ್ತಿರುವ ಹೆಣ್ಣುಮಕ್ಕಳೇ, ನಾಳೆ ನಿಮ್ಮ ಸಂಬಳದಲ್ಲಿ ಮನೆ ಕೊಂಡರೆ ಕ್ರಯಪತ್ರದಲ್ಲಿ ನಿಮ್ಮ ಪಾಲೆಷ್ಟು ಎಂದು ಬರೆಸಿ. ಉಯಿಲನ್ನೂ ಬರೆದಿಡಿ. ಇಬ್ಬರು ಸಾಕ್ಷಿಗಳ ಸಹಿ ಬೇಕು, ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಕಳೆದ ವಾರ ಅಕ್ಕನಿಗೂ ಇದನ್ನೇ ಹೇಳಿದೆ. "ಸಾಯೋ ಮಾತು ಯಾಕೆ?" ಎಂದಳು. ಮನೆಯ ಮಾತು ಅಕ್ಕಾ, ಎಂದೆ.