ಕುಟುಂಬದ ವ್ಯಾಜ್ಯ ಮುಗಿದರೂ ಕಾಗದ ಮುಗಿಯುವುದಿಲ್ಲ

ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲೂಕುಗಳಲ್ಲಿ ನಮ್ಮ ಕಥೊಲಿಕ ಕುಟುಂಬಗಳ ಸಂಖ್ಯೆ ದೊಡ್ಡದಲ್ಲ. ಆದರೆ ಅವುಗಳಲ್ಲಿ ಕೆಲವಕ್ಕೆ ಎದುರಾಗುತ್ತಿರುವ ಒಂದು ತೊಡಕು ಸಣ್ಣದೇನೂ ಅಲ್ಲ. ಹತ್ತು ಹದಿನೈದು ವರ್ಷಗಳ ಹಿಂದೆ ದಾಂಪತ್ಯ ಮುರಿದು ನ್ಯಾಯಾಲಯದ ಮೆಟ್ಟಿಲೇರಿದವರು ಇಂದು ಮರುವಿವಾಹಕ್ಕೋ, ಮಗುವಿನ ಪಾಸ್‌ಪೋರ್ಟಿಗೋ, ತಂದೆಯ ಆಸ್ತಿಯಲ್ಲಿನ ಪಾಲಿಗೋ ಆ ವ್ಯಾಜ್ಯದ ತೀರ್ಪಿನ ಪ್ರತಿಯನ್ನು ಒದಗಿಸಬೇಕಾಗುತ್ತದೆ. ಆಗ ಮನೆಯ ಪೆಟ್ಟಿಗೆಯಲ್ಲಿ ದೊರೆಯುವುದು ಮಾಸಿದ ಒಂದು ಜೆರಾಕ್ಸ್ ಹಾಳೆ ಮಾತ್ರ. ಅದರ ಮೇಲೆ ಮುದ್ರೆಯಿಲ್ಲ, ಸಂಖ್ಯೆ ಅರ್ಧ ಅಳಿಸಿದೆ, ಅಂದಿನ ವಕೀಲರು ಇಂದಿಲ್ಲ. ಮೂಲ ದಾಖಲೆ ಎಲ್ಲಿದೆ, ಯಾರನ್ನು ಕೇಳಬೇಕು ಎಂಬುದು ತಿಳಿಯದೆ ಅವರು ಅಲೆಯುತ್ತಾರೆ. ಈ ವಾರ ಇದನ್ನು ಕುರಿತು ಕೊಂಚ ವಿವರವಾಗಿ ಬರೆಯುವುದು ಅಗತ್ಯವೆಂದು ನಾವು ಭಾವಿಸಿದ್ದೇವೆ.

ಕಲ್ಯಾಣದ ನೆಲದಲ್ಲಿ ಕುಟುಂಬ ನ್ಯಾಯದ ವಿಚಾರ ಹೊಸದಲ್ಲ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರವನ್ನು ರಚಿಸಿದ್ದು ಇಲ್ಲಿಯೇ. ಹಿಂದೂ ಕುಟುಂಬದ ಆಸ್ತಿ ವಿಭಾಗಕ್ಕೆ ದೇಶದ ಬಹುಭಾಗದಲ್ಲಿ ಆಧಾರವಾಗಿ ನಿಂತ ಆ ವ್ಯಾಖ್ಯಾನವು ವ್ಯವಹಾರ ನಿರ್ಣಯದ ಪ್ರಮಾಣಗಳನ್ನು ವಿವರಿಸುವಾಗ ಲಿಖಿತ, ಭುಕ್ತಿ, ಸಾಕ್ಷಿ ಎಂಬ ಮೂರನ್ನು ಹೇಳುತ್ತದೆ. ಲಿಖಿತವೇ ಮೊದಲು ಬರುತ್ತದೆ. ಅಂಥ ಊರಿನ ಜನ ಇಂದು ಒಂದು ಲಿಖಿತಕ್ಕಾಗಿ ಬಸ್ಸಿನಿಂದ ಬಸ್ಸಿಗೆ ಹತ್ತಿಳಿಯುವುದನ್ನು ಕಂಡಾಗ ಖೇದವಾಗುತ್ತದೆ.

ದಾಖಲೆ ಹುಡುಕುವವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ "ಯಾವ ಊರಿನ ಕೋರ್ಟು?" ಎಂಬುದು. ಅದಕ್ಕೂ ಮುಂಚೆ ಯಾವ ಕಾಯ್ದೆಯ ಅಡಿಯಲ್ಲಿ, ಯಾವ ವರ್ಷ ಎಂಬ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಹಿಂದೂ ವಿವಾಹ ಕಾಯ್ದೆಯ ಅರ್ಜಿಗಳನ್ನು ತಾಲೂಕಿನ ಹಿರಿಯ ಸಿವಿಲ್ ನ್ಯಾಯಾಧೀಶರು ವಿಚಾರಿಸುವುದುಂಟು. ಆದರೆ ಕ್ರೈಸ್ತರಿಗೆ ಅನ್ವಯಿಸುವ 1869ರ ವಿಚ್ಛೇದನ ಕಾಯ್ದೆಯು ಜಿಲ್ಲಾ ನ್ಯಾಯಾಧೀಶರನ್ನು ಹೆಸರಿಸುತ್ತದೆ. ಆದುದರಿಂದ ನೆರೆಮನೆಯ ಹಿಂದೂ ಬಂಧುವಿನ ತೀರ್ಪು ಬಸವಕಲ್ಯಾಣದಲ್ಲಿಯೇ ದೊರೆಯಿತೆಂದು ನಮ್ಮವರದೂ ಅಲ್ಲಿಯೇ ಇರಬೇಕೆಂದಿಲ್ಲ. ಅದು ಬೀದರಿನಲ್ಲಿರುವ ಸಂಭವವೇ ಹೆಚ್ಚು. ಜೀವನಾಂಶದ ಮಾತು ಬೇರೆ. 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಮಿನ ಅಡಿಯಲ್ಲಿ (2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮು) ಸಲ್ಲಿಸಿದ ಅರ್ಜಿಯಾದರೆ ಹುಮನಾಬಾದಿನ ಅಥವಾ ಬಸವಕಲ್ಯಾಣದ ಮ್ಯಾಜಿಸ್ಟ್ರೇಟರ ಕಡತಗಳಲ್ಲಿ ಮೊದಲು ನೋಡಬೇಕು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಪ್ರಕರಣಗಳೂ ಮ್ಯಾಜಿಸ್ಟ್ರೇಟರ ಮುಂದೆಯೇ ನಡೆಯುತ್ತವೆ.

ಇದರ ಮೇಲೆ 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ಬಂದಿತು. ಒಂದು ಪ್ರದೇಶಕ್ಕೆ ಕೌಟುಂಬಿಕ ನ್ಯಾಯಾಲಯ ಸ್ಥಾಪನೆಯಾದೊಡನೆ ಆ ಪ್ರದೇಶದ ವೈವಾಹಿಕ ವ್ಯಾಜ್ಯಗಳ ಮೇಲೆ ಜಿಲ್ಲಾ ನ್ಯಾಯಾಲಯಕ್ಕೂ ಕೆಳಗಿನ ಸಿವಿಲ್ ನ್ಯಾಯಾಲಯಕ್ಕೂ, ಜೀವನಾಂಶದ ಮೇಲೆ ಮ್ಯಾಜಿಸ್ಟ್ರೇಟರಿಗೂ ಅಧಿಕಾರ ಇಲ್ಲದಂತಾಗುತ್ತದೆ. ವಿಚಾರಣೆಯಲ್ಲಿದ್ದ ಪ್ರಕರಣಗಳೂ ವರ್ಗವಾಗುತ್ತವೆ. ವರ್ಗವಾದ ಪ್ರಕರಣಕ್ಕೆ ಹೊಸ ಸಂಖ್ಯೆ ಬೀಳುವುದುಂಟು. ಹಳೆಯ ಸಂಖ್ಯೆಯನ್ನು ಹಿಡಿದು ಹುಡುಕಿದವರಿಗೆ "ಇಲ್ಲ" ಎಂಬ ಉತ್ತರ ಬಂದಾಗ ಕಡತವೇ ಕಳೆದುಹೋಯಿತೆಂದು ನಿರಾಶರಾಗಬೇಕಿಲ್ಲ. ಹಳೆಯ ನ್ಯಾಯಾಲಯದ ದಾವೆ ರಿಜಿಸ್ಟರಿನಲ್ಲಿ ಆ ಸಂಖ್ಯೆಯ ಎದುರು ಅದು ಎಲ್ಲಿಗೆ ಹೋಯಿತೆಂಬ ಷರಾ ಇದೆಯೇ ಎಂದು ವಿನಯದಿಂದಲೇ, ಆದರೆ ಪಟ್ಟು ಬಿಡದೆ, ಕೇಳಬೇಕು.

ನಮ್ಮ ಜನಕ್ಕೆ ವಿಶೇಷವಾಗಿ ತಿಳಿದಿರಬೇಕಾದುದು 2001ರ ಗಡಿ. ಆ ವರ್ಷ ವಿಚ್ಛೇದನ ಕಾಯ್ದೆಗೆ ತಿದ್ದುಪಡಿಯಾಗುವವರೆಗೆ ಜಿಲ್ಲಾ ನ್ಯಾಯಾಧೀಶರು ಕ್ರೈಸ್ತ ದಂಪತಿಗಳಿಗೆ ನೀಡಿದ ವಿಚ್ಛೇದನದ ಡಿಕ್ರಿಯನ್ನು ಉಚ್ಚ ನ್ಯಾಯಾಲಯ ಸ್ಥಿರೀಕರಿಸಬೇಕಾಗಿತ್ತು. ಸ್ಥಿರೀಕರಣವಾಗದ ಡಿಕ್ರಿಯಿಂದ ವಿವಾಹ ಅಂತ್ಯವಾಗುತ್ತಿರಲಿಲ್ಲ. ಕಲಬುರಗಿಯಲ್ಲಿ ಉಚ್ಚ ನ್ಯಾಯಾಲಯದ ಸಂಚಾರಿ ಪೀಠ ಆರಂಭವಾದುದು 2008ರಲ್ಲಿ. ಅದು ಕಾಯಂ ಪೀಠವಾದುದು 2013ರಲ್ಲಿ. ಹಾಗಾಗಿ 2001ಕ್ಕಿಂತ ಹಿಂದಿನ ಸ್ಥಿರೀಕರಣದ ಆದೇಶ ನಡೆದದ್ದು ಬೆಂಗಳೂರಿನಲ್ಲಿ. ಬೀದರಿನ ಡಿಕ್ರಿಯೊಂದನ್ನೇ ಹಿಡಿದುಕೊಂಡು ತಮ್ಮ ಕೆಲಸವಾಯಿತೆಂದು ಭಾವಿಸಿದ ಹಿರಿಯರು ಇದನ್ನು ಗಮನಿಸಬೇಕು. ಇನ್ನೊಂದು ಸೂಕ್ಷ್ಮವೂ ಇದೆ. ಅಂದಿನ ಕಾನೂನಿನಲ್ಲಿ ಕ್ರೈಸ್ತ ಹೆಣ್ಣುಮಗಳಿಗೆ ವಿಚ್ಛೇದನ ದೊರೆಯುವುದು ಬಲು ಕಷ್ಟವಾಗಿತ್ತು. ಗಂಡನ ಕ್ರೌರ್ಯವೊಂದೇ ಸಾಲದು, ಅದರೊಡನೆ ವ್ಯಭಿಚಾರವನ್ನೂ ಸಾಬೀತುಪಡಿಸಬೇಕಾಗಿತ್ತು. ಅದರಿಂದ ಅನೇಕರಿಗೆ ಉಳಿದ ದಾರಿ ನ್ಯಾಯಿಕ ಬೇರ್ಪಡೆಯದು. ಬೇರ್ಪಡೆಯ ಡಿಕ್ರಿ ವಿಚ್ಛೇದನವಲ್ಲ. ತಾಯಿಯ ಹಳೆಯ ಕಾಗದವನ್ನು ಓದುವ ಮಕ್ಕಳು ಮೊದಲು ಆ ಒಂದು ಪದವನ್ನು ನೋಡಲಿ.

ಇಲ್ಲಿಯೇ ಧರ್ಮಸಭೆಯ ದಾಖಲೆಯ ಪ್ರಶ್ನೆಯೂ ಬರುತ್ತದೆ. ಧರ್ಮಕ್ಷೇತ್ರದ ನ್ಯಾಯಪೀಠವು ವಿವಾಹ ಅಸಿಂಧುವೆಂದು ಘೋಷಿಸಿದ ಮೇಲೆ ಸರ್ಕಾರಿ ನ್ಯಾಯಾಲಯದ ಡಿಕ್ರಿ ಏಕೆ ಬೇಕು ಎಂದು ಕೇಳುವವರು ಇಂದಿಗೂ ಇದ್ದಾರೆ. 1996ರಲ್ಲಿ ಮೋಳಿ ಜೋಸೆಫ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಧರ್ಮಸಭೆಯ ಕಾನೂನು ವಿಚ್ಛೇದನ ಕಾಯ್ದೆಯನ್ನು ಮೀರಲಾರದೆಂದು ಹೇಳಿತು. ಮುಂದೆ ಮಂಗಳೂರಿನ ಹಿರಿಯ ವಕೀಲ ಕ್ಲಾರೆನ್ಸ್ ಪಾಯ್ಸ್ ಅವರು ಧರ್ಮಸಭೆಯ ನ್ಯಾಯಪೀಠದ ತೀರ್ಪಿಗೆ ಕಾನೂನಿನ ಮಾನ್ಯತೆ ದೊರಕಬೇಕೆಂದು ಅದೇ ನ್ಯಾಯಾಲಯದ ಮೊರೆಹೋದರು. 2017ರ ಜನವರಿಯಲ್ಲಿ ಆ ಅರ್ಜಿ ವಜಾ ಆಯಿತು. ಈಗ ಸಂದೇಹಕ್ಕೆ ಎಡೆಯಿಲ್ಲ. ಧರ್ಮಸಭೆಯ ಘೋಷಣೆಯೊಂದನ್ನೇ ನಂಬಿ ಮರುವಿವಾಹವಾದವನು ದೇಶದ ಕಾನೂನಿನ ಕಣ್ಣಿಗೆ ದ್ವಿಪತ್ನೀತ್ವದ ಅಪರಾಧಿಯಾಗಬಹುದು. ಆ ಎರಡನೆಯ ಮನೆಯ ಹೆಂಡತಿಯ ಮತ್ತು ಮಕ್ಕಳ ಹಕ್ಕುಗಳು ತೂಗುಯ್ಯಾಲೆಯಲ್ಲಿ ನಿಲ್ಲುತ್ತವೆ. ಅದೇ ರೀತಿ ನ್ಯಾಯಾಲಯದ ವಿಚ್ಛೇದನ ಮಾತ್ರ ಇದ್ದರೆ ಬಲಿಪೀಠದ ಮುಂದೆ ಮತ್ತೊಂದು ವಿವಾಹ ಸಾಧ್ಯವಿಲ್ಲ. ಎರಡು ಕಾಗದಗಳೂ ಬೇಕು, ಒಂದು ಇನ್ನೊಂದರ ಬದಲಿಗೆ ಸಲ್ಲದು. ಕಲಬುರಗಿ ಧರ್ಮಕ್ಷೇತ್ರ ಸ್ಥಾಪನೆಯಾದುದು 2005ರಲ್ಲಿ; ಅದಕ್ಕೂ ಮುಂಚಿನ ನ್ಯಾಯಪೀಠದ ಕಡತವನ್ನು ಅರಸುವವರು ಆ ಕಾಲದಲ್ಲಿ ತಮ್ಮ ಧರ್ಮಕೇಂದ್ರ ಯಾವ ಧರ್ಮಕ್ಷೇತ್ರಕ್ಕೆ ಸೇರಿತ್ತೆಂದು ಧರ್ಮಗುರುಗಳಲ್ಲಿ ವಿಚಾರಿಸಿ ಅಲ್ಲಿಗೇ ಬರೆಯಬೇಕಾಗುತ್ತದೆ.

ಇನ್ನು ಕೇಳುವ ಕ್ರಮ. ಪ್ರಕರಣದ ಸಂಖ್ಯೆ, ವರ್ಷ, ಎರಡೂ ಕಡೆಯವರ ಹೆಸರು ಮತ್ತು ತೀರ್ಪಿನ ದಿನಾಂಕ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ವೈವಾಹಿಕ ಅರ್ಜಿಗೆ ಎಂ.ಸಿ. ಎಂದೂ, ಜೀವನಾಂಶಕ್ಕೆ ಕ್ರಿಮಿನಲ್ ಮಿಸಲೇನಿಯಸ್ ಎಂದೂ ಸಂಖ್ಯೆಯ ಮುಂದೆ ಬರೆದಿರುವುದು ರೂಢಿ. ಗೊತ್ತಿಲ್ಲದಿದ್ದರೆ ಇ-ಕೋರ್ಟ್ ಸೇವೆಯಲ್ಲಿ ಬೀದರ್ ಜಿಲ್ಲೆಯನ್ನು ಆಯ್ದು, ನ್ಯಾಯಾಲಯ ಸಂಕೀರ್ಣವನ್ನು ಆಯ್ದು, ಹೆಸರು ಮತ್ತು ವರ್ಷದ ಮೂಲಕ ಹುಡುಕಬಹುದು. ಪ್ರತಿ ಪ್ರಕರಣಕ್ಕೂ ಹದಿನಾರು ಅಕ್ಷರ-ಅಂಕಿಗಳ ಸಿ.ಎನ್.ಆರ್. ಸಂಖ್ಯೆ ಇರುತ್ತದೆ. ಕುಟುಂಬದ ವ್ಯಾಜ್ಯಗಳ ಆದೇಶದ ಪಾಠ ಅಲ್ಲಿ ಕಾಣದಿದ್ದರೆ ಅಚ್ಚರಿಪಡಬೇಕಿಲ್ಲ. ದಂಪತಿಗಳ ಖಾಸಗಿ ವಿಚಾರ ಬೀದಿಗೆ ಬರಬಾರದೆಂಬ ಕಾಳಜಿಯಿಂದ ಇಂಥ ವಿಚಾರಣೆಯನ್ನು ಮುಚ್ಚಿದ ಬಾಗಿಲ ಹಿಂದೆ ನಡೆಸಲು ಕಾನೂನೇ ಅವಕಾಶ ಕೊಟ್ಟಿದೆ. ಅದು ಸರಿಯಾದ ಕಾಳಜಿ ಎಂದೇ ನಮ್ಮ ಅಭಿಪ್ರಾಯ.

ತೀರ್ಪು ನೀಡಿದ ನ್ಯಾಯಾಲಯದ ನಕಲು ಶಾಖೆಗೆ ಅರ್ಜಿ ಹಾಕಿ, ನಿಗದಿಯಾದ ಶುಲ್ಕ ಕಟ್ಟಿ, ದೃಢೀಕೃತ ನಕಲನ್ನು ಪಡೆಯಬೇಕು. ಅರ್ಜಿಯಲ್ಲಿ "ತೀರ್ಪು ಮತ್ತು ಡಿಕ್ರಿ" ಎಂದು ಎರಡನ್ನೂ ಸ್ಪಷ್ಟವಾಗಿ ಬರೆಯುವುದು ಲೇಸು. ತೀರ್ಪಿನಲ್ಲಿ ಕಾರಣಗಳಿರುತ್ತವೆ, ಡಿಕ್ರಿಯಲ್ಲಿ ಫಲಿತಾಂಶವಿರುತ್ತದೆ. ಕಚೇರಿಗಳು ಒಂದನ್ನು ಕೊಟ್ಟರೆ ಇನ್ನೊಂದನ್ನು ಕೇಳುವುದು ಅನುಭವದ ಮಾತು. ಪ್ರಕರಣದ ಕಕ್ಷಿಗಾರರಿಗೆ ಈ ಹಕ್ಕು ಸಹಜವಾಗಿ ಇದೆ. ಮಕ್ಕಳೋ ಸೋದರರೋ ಕೇಳುವುದಾದರೆ ಯಾವ ಉದ್ದೇಶಕ್ಕೆಂದು ಪ್ರಮಾಣಪತ್ರ ಸಲ್ಲಿಸಿ ನ್ಯಾಯಾಧೀಶರ ಅನುಮತಿ ಪಡೆಯಬೇಕಾಗುತ್ತದೆ. ಮಾಹಿತಿ ಹಕ್ಕಿನ ಅರ್ಜಿ ಹಾಕಿದರಾಯಿತೆಂದು ಸಲಹೆ ಕೊಡುವವರೂ ಇದ್ದಾರೆ. ಗುಜರಾತ್ ಉಚ್ಚ ನ್ಯಾಯಾಲಯಕ್ಕೆ ಸಂಬಂಧಿಸಿದ ಪ್ರಕರಣದಲ್ಲಿ 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು, ನ್ಯಾಯಾಲಯದ ನಿಯಮಗಳಲ್ಲಿಯೇ ನಕಲು ಪಡೆಯುವ ಮಾರ್ಗವಿರುವಾಗ ಅದನ್ನೇ ಹಿಡಿಯಬೇಕೆಂದು ತೀರ್ಮಾನಿಸಿದೆ. ಆ ಸಲಹೆಯಿಂದ ಕಾಲ ಕಳೆಯುವುದೊಂದೇ ಲಾಭ.

ನಕಲಿನ ಮೇಲೆ ಅರ್ಜಿ ಕೊಟ್ಟ ದಿನ, ಸಿದ್ಧವಾದ ದಿನ ಇತ್ಯಾದಿ ನಮೂದಿರುತ್ತವೆ. ಅವು ಅಲಂಕಾರಕ್ಕಲ್ಲ. ಕೌಟುಂಬಿಕ ನ್ಯಾಯಾಲಯದ ತೀರ್ಪಿನ ವಿರುದ್ಧ ಮೇಲ್ಮನವಿಗೆ ಕಾಯ್ದೆ ಕೊಟ್ಟಿರುವುದು ಮೂವತ್ತೇ ದಿನ. ನಕಲು ಸಿದ್ಧವಾಗಲು ಹಿಡಿದ ದಿನಗಳನ್ನು ಅವಧಿಯ ಲೆಕ್ಕದಿಂದ ಬಿಡಲಾಗುತ್ತದೆ. ಆ ನಮೂದೇ ಅದಕ್ಕೆ ಆಧಾರ.

ಬಡ ಹೆಣ್ಣುಮಕ್ಕಳು ತಿಳಿದಿರಲೇಬೇಕಾದ ಮಾತೊಂದಿದೆ. ಜೀವನಾಂಶದ ಆದೇಶದ ಪ್ರತಿಯನ್ನು ಅದು ಯಾರ ಪರವಾಗಿದೆಯೋ ಅವರಿಗೆ ಶುಲ್ಕವಿಲ್ಲದೆ ಕೊಡಬೇಕೆಂದು ಕಾನೂನಿನಲ್ಲಿಯೇ ಇದೆ. ದೌರ್ಜನ್ಯ ತಡೆ ಕಾಯ್ದೆಯ ಆದೇಶಗಳಿಗೂ ಇದೇ ನಿಯಮ. ಇದನ್ನರಿಯದ ಹೆಂಗಸರಿಂದ ಕೋರ್ಟಿನ ಹೊರಗಿನ ಮಧ್ಯವರ್ತಿಗಳು ಹಣ ಕೀಳುವುದು ನಮ್ಮ ಮನಸ್ಸನ್ನು ಕಲಕುತ್ತದೆ. ಅಲ್ಲದೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರು ಆದಾಯದ ಮಿತಿಯ ಪ್ರಶ್ನೆಯಿಲ್ಲದೆ ಉಚಿತ ನೆರವಿಗೆ ಅರ್ಹರು. ನ್ಯಾಯಾಲಯದ ಆವರಣದಲ್ಲಿ ತಾಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಬಹುದು. 15100 ಎಂಬ ಸಂಖ್ಯೆಗೆ ಕರೆ ಮಾಡಬಹುದು.

ಹುಮನಾಬಾದಿನಿಂದ ಬೀದರಿಗೆ ಸುಮಾರು ಐವತ್ತು, ಬಸವಕಲ್ಯಾಣದಿಂದ ಸುಮಾರು ಎಂಬತ್ತು ಕಿಲೋಮೀಟರ್. ಅರ್ಜಿ ಹಾಕಲು ಒಂದು ದಿನ, ಕೊರತೆಯ ಶುಲ್ಕ ಕಟ್ಟಲು ಮತ್ತೊಂದು, ನಕಲು ಒಯ್ಯಲು ಇನ್ನೊಂದು ದಿನ ಎಂದರೆ ಕೂಲಿಯವಳಿಗೆ ಮೂರು ದಿನದ ಅನ್ನ ಹೋಯಿತು. ಜಿಲ್ಲಾ ಕೇಂದ್ರದ ಕಡತದ ನಕಲಿಗೆ ತಾಲೂಕು ನ್ಯಾಯಾಲಯದಲ್ಲಿಯೇ ಅರ್ಜಿ ಸ್ವೀಕರಿಸಿ ಅಲ್ಲಿಯೇ ವಿತರಿಸುವ ಏರ್ಪಾಡು ಆಗಬೇಕೆಂಬುದು ನಮ್ಮ ಸ್ಪಷ್ಟ ಬೇಡಿಕೆ. ಕಡತಗಳನ್ನು ಗಣಕೀಕರಿಸುತ್ತಿರುವ ಕಾಲದಲ್ಲಿ ಇದು ಅಸಾಧ್ಯದ ಮಾತಲ್ಲ. ನಮ್ಮ ಜಿಲ್ಲೆಯ ಹಾಗೂ ತಾಲೂಕುಗಳ ವಕೀಲರ ಸಂಘಗಳು ಈ ವಿಷಯವನ್ನು ಜಿಲ್ಲಾ ನ್ಯಾಯಾಧೀಶರ ಗಮನಕ್ಕೆ ತರುವುದಾದರೆ ಎಲ್ಲ ಮತಗಳ ಬಡವರಿಗೂ ಉಪಕಾರವಾಗುತ್ತದೆ.

ಹಳೆಯ ತಲೆಮಾರಿನ ದಾಖಲೆಗಳ ಕಥೆ ಇನ್ನೂ ಸಂಕೀರ್ಣವಾದುದು. 1948ರವರೆಗೆ ಈ ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು. ಕಲ್ಯಾಣಿ ನವಾಬರ ಜಹಗೀರಾಗಿತ್ತು. ನ್ಯಾಯಾಲಯದ ಬರಹ ಉರ್ದುವಿನಲ್ಲಿ, ದಿನಾಂಕ ಫಸಲಿಯಲ್ಲಿ. ಫಸಲಿ ವರ್ಷಕ್ಕೆ ಸುಮಾರು 590 ಕೂಡಿಸಿದರೆ ಕ್ರಿಸ್ತಶಕ ದೊರೆಯುತ್ತದೆ. ಮಿಸಲ್, ನಕಲ್, ವಕೀಲ್, ಅಮೀನ್ ಎಂಬ ಪದಗಳು ನಮ್ಮ ನಾಲಿಗೆಯಲ್ಲಿ ಉಳಿದಿವೆ, ಲಿಪಿ ಓದುವವರು ಮಾತ್ರ ವಿರಳರಾಗಿದ್ದಾರೆ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ್ ಜಿಲ್ಲೆಯೇ ಮೂರು ರಾಜ್ಯಗಳಲ್ಲಿ ಹಂಚಿಹೋಯಿತು. ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳು ಮರಾಠಿ ಸೀಮೆಗೂ ಜಹೀರಾಬಾದ್, ನಾರಾಯಣಖೇಡ ಆಂಧ್ರದ ಕಡೆಗೂ ಹೋದವು. ಹೆಣ್ಣು ಕೊಟ್ಟು ತರುವ ಸಂಬಂಧ ಮಾತ್ರ ಗಡಿಯನ್ನು ಲೆಕ್ಕಿಸಲಿಲ್ಲ. ತವರೂರಿನ ನ್ಯಾಯಾಲಯದಲ್ಲಿ ಅರ್ಜಿ ಹಾಕಿದ ಸೊಸೆಯ ಕಡತ ಇಂದು ಲಾತೂರಿನಲ್ಲಿಯೋ ಸಂಗಾರೆಡ್ಡಿಯಲ್ಲಿಯೋ ಇರಬಹುದು. ನಿಜಾಮರ ಕಾಲದ ಸರ್ಕಾರಿ ಪತ್ರಗಳ ದೊಡ್ಡ ಭಂಡಾರ ಹೈದರಾಬಾದಿನ ರಾಜ್ಯ ಪತ್ರಾಗಾರದಲ್ಲಿದೆ.

ಎಲ್ಲ ಕಡತಗಳೂ ಶಾಶ್ವತವಾಗಿ ಉಳಿಯುವುದಿಲ್ಲ ಎಂಬುದನ್ನೂ ಹೇಳಬೇಕು. ದಾಖಲೆಗಳ ವಿಲೇವಾರಿಗೆ ನಿಯಮಗಳಿವೆ; ಸಾಕ್ಷ್ಯ, ಸಮನ್ಸು ಮುಂತಾದ ಕಡಿಮೆ ಮಹತ್ವದ ಹಾಳೆಗಳನ್ನು ಅವಧಿ ತುಂಬಿದ ಮೇಲೆ ನಾಶಪಡಿಸುತ್ತಾರೆ. ನ್ಯಾಯಾಲಯಕ್ಕೆ ಒಪ್ಪಿಸಿದ ಮೂಲ ವಿವಾಹ ಪ್ರಮಾಣಪತ್ರವನ್ನೋ ಮಗುವಿನ ಜನನ ದಾಖಲೆಯನ್ನೋ ಹಿಂದಕ್ಕೆ ಪಡೆಯದವರು ಮೇಲ್ಮನವಿಯ ಕಾಲ ಮುಗಿದೊಡನೆ ಅದಕ್ಕೆಂದೇ ಒಂದು ಅರ್ಜಿ ಸಲ್ಲಿಸಿ ತೆಗೆದುಕೊಳ್ಳಲಿ. ವಿವಾಹದ ದಾಖಲೆ ಕಳೆದಿದ್ದರೆ ಧರ್ಮಕೇಂದ್ರದ ವಿವಾಹ ಪುಸ್ತಕವಿದೆ. 1872ರ ಕ್ರೈಸ್ತ ವಿವಾಹ ಕಾಯ್ದೆಯಂತೆ ಅದರ ವಿವರಗಳನ್ನು ಮೂರು ತಿಂಗಳಿಗೊಮ್ಮೆ ಸರ್ಕಾರದ ನೋಂದಣಿ ಅಧಿಕಾರಿಗೂ ಕಳುಹಿಸಬೇಕಾಗಿದೆ. ಡಿಕ್ರಿ ಬಂದ ಮೇಲೆ ಅದರ ಸಂಖ್ಯೆ, ನ್ಯಾಯಾಲಯದ ಹೆಸರು ಮತ್ತು ದಿನಾಂಕವನ್ನು ಒಂದು ಚೀಟಿಯಲ್ಲಿ ಬರೆದು ಧರ್ಮಗುರುಗಳ ಬಳಿಯೂ ಇರಿಸುವಂತೆ ನಮ್ಮ ಧರ್ಮಕೇಂದ್ರಗಳ ಪಾಲನಾ ಸಮಿತಿಗಳು ಸಂಬಂಧಪಟ್ಟವರಿಗೆ, ಅವರ ಇಚ್ಛೆಯನ್ನರಿತು, ಈಗಲೇ ತಿಳಿಸಬಹುದು.