ಗೋಪುರಕ್ಕಿರುವ ಗೌರವ ಗುಡ್ಡಕ್ಕೇಕಿಲ್ಲ?

ಗಿರಿಧಾಮಗಳ ಹಳೆಯ ವಸತಿ ಶಾಲೆಗಳ ಕಟ್ಟಡಗಳನ್ನು ಉಳಿಸಬೇಕೆಂಬ ಕೂಗು ಆಗಾಗ ಏಳುತ್ತದೆ. ಸಂತೋಷ. ಆದರೆ ಉಳಿಸಬೇಕಾದುದು ಏನನ್ನು ಎಂದು ಕೇಳುವವರು ವಿರಳ.

ನೀಲಗಿರಿಯ ಲವ್‌ಡೇಲನ್ನೇ ನೋಡಬಹುದು. 1857ರಲ್ಲಿ ಲಕ್ನೋದ ಮುತ್ತಿಗೆಯಲ್ಲಿ ಮಡಿದ ಹೆನ್ರಿ ಲಾರೆನ್ಸ್‌ನ ಹೆಸರಿನಲ್ಲಿ, ಬ್ರಿಟಿಷ್ ಸೈನಿಕರ ಮಕ್ಕಳಿಗೂ ಅನಾಥರಿಗೂ ಎಂದು 1858ರಲ್ಲಿ ಆರಂಭವಾದ ಆಶ್ರಯಧಾಮವೇ ಇಂದಿನ ಲಾರೆನ್ಸ್ ಶಾಲೆ. ಅದಕ್ಕೆ ಇಟಲಿಯ ಗಾಥಿಕ್ ಶೈಲಿಯ ಭವನವನ್ನು ರೂಪಿಸಿದವನು ರಾಬರ್ಟ್ ಚಿಸಮ್. ಚೆನ್ನೈನ ಸೆನೆಟ್ ಹೌಸ್ ಕೂಡ ಆತನದೇ ಕಲ್ಪನೆ. ಸುಂದರ ಕಟ್ಟಡ, ಅನುಮಾನವಿಲ್ಲ. ಕಟ್ಟಿದ ಕಾಲದಲ್ಲಿ ಕಣಿವೆಯ ಬಡಗ ಮಕ್ಕಳಿಗೆ ಅದರ ಬಾಗಿಲು ಮುಚ್ಚಿತ್ತೆಂಬುದೂ ಅಷ್ಟೇ ನಿಜ. ಆ ಮಕ್ಕಳಿಗೆ ನೆರೆಯ ಕೇತ್ತಿಯಲ್ಲಿ ಬಾಸೆಲ್ ಮಿಷನ್ನಿನವರು ಕನ್ನಡದಲ್ಲಿ ಅಕ್ಷರ ಕಲಿಸುತ್ತಿದ್ದರು. ಆ ಶಾಲೆಗಳ ಗೋಡೆಗಳಿಗಾಗಿ ಮರುಗಿದವರು ಕಾಣೆ. ಹಾಗೆಂದು ಪರಕೀಯರ ಕಟ್ಟಡ, ಬಿದ್ದುಹೋಗಲಿ ಎನ್ನುವುದು ವಿವೇಕವಲ್ಲ. ಕಲ್ಲು ಹೊತ್ತ, ಗಾರೆ ಅರೆದ ಕೂಲಿಗಳ ಬೆವರೂ ಅದರಲ್ಲಿದೆ.

ಪರಂಪರೆಯೆಂದರೆ ಕಣ್ಣಿಗೆ ಕಾಣುವ ಮುಂಭಾಗ ಮಾತ್ರ ಎಂಬ ತಿಳಿವಳಿಕೆಯೇ ಕೇಡಿನ ಮೂಲ. ಸಿಮೆಂಟು ಬರುವ ಮುಂಚಿನ ಸುಣ್ಣದ ಗಾರೆಯ ಗೋಡೆ ತೇವವನ್ನು ಹೀರಿ, ಬಿಸಿಲು ಬಂದಾಗ ಹೊರಬಿಡುತ್ತದೆ. ಅದರ ಮೇಲೆ ಸಿಮೆಂಟು ಮೆತ್ತಿ ಪ್ಲಾಸ್ಟಿಕ್ ಬಣ್ಣ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಇಟ್ಟಿಗೆ ಪುಡಿಯಾಗುತ್ತದೆ. ಜೀರ್ಣೋದ್ಧಾರದ ಹೆಸರಿನಲ್ಲಿ ಗುಡ್ಡನಾಡುಗಳಲ್ಲಿ ನಡೆಯುವ ಇಂಥ ದುರಸ್ತಿಯಲ್ಲಿ ಉದ್ಧಾರಕ್ಕಿಂತ ಜೀರ್ಣವೇ ಹೆಚ್ಚು!

ಗೋಡೆಗಿಂತ ಗಂಭೀರವಾದುದು ಅದರ ಕೆಳಗಿನ ನೆಲ. ಶೋಲಾ ಕಾಡು, ಹುಲ್ಲುಗಾವಲು, ಜೌಗು ಇವು ಮೂರೂ ಸೇರಿ ಮಳೆಯನ್ನು ಹಿಡಿದಿಟ್ಟು ಒರತೆಗಳಿಗೆ ನಿಧಾನವಾಗಿ ಬಿಡುತ್ತಿದ್ದವು. ಗಿರಿಧಾಮ ಬೆಳೆದಂತೆ ಸೌದೆಗಾಗಿ ಶೋಲಾ ಕರಗಿತು. ಕೊರತೆ ತುಂಬಲು ಆಸ್ಟ್ರೇಲಿಯದ ಮರಗಳನ್ನು ತಂದು ಹುಲ್ಲುಗಾವಲಿನಲ್ಲಿ ನೆಟ್ಟರು. ಕನ್ನಡದಲ್ಲಂತೂ ಆ ಪರದೇಶಿ ಮರಕ್ಕೆ ‘ನೀಲಗಿರಿ’ ಎಂದೇ ಹೆಸರು. ಬೆಟ್ಟ ತನ್ನ ಹುಲ್ಲಿನ ಜೊತೆಗೆ ಹೆಸರನ್ನೂ ಬಿಟ್ಟುಕೊಟ್ಟಿತು. ಈಗ ಅದೇ ಇಳಿಜಾರುಗಳನ್ನು ಯಂತ್ರಗಳು ಲಂಬವಾಗಿ ಕಡಿಯುತ್ತಿವೆ. 2009ರ ನವೆಂಬರಿನ ಭೂಕುಸಿತಗಳಲ್ಲಿ ನೀಲಗಿರಿ ಜಿಲ್ಲೆ 40ಕ್ಕೂ ಹೆಚ್ಚು ಜೀವಗಳನ್ನು ಕಳೆದುಕೊಂಡಿತು. ಲವ್‌ಡೇಲ್‌ನ ನೆರೆಯ ಕೇತ್ತಿ ಕಣಿವೆಯೂ ಪೆಟ್ಟು ತಿಂದಿತು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿದ್ದನ್ನು ಕನ್ನಡಿಗರು ಮರೆತಿರಲಾರರು.

ಗುಡ್ಡದಲ್ಲಿ ಹೇಗೆ ಕಟ್ಟಬೇಕೆಂಬುದು ಚಿಸಮ್‌ಗಿಂತ ಬಹಳ ಹಿಂದೆಯೇ ಇಲ್ಲಿನವರಿಗೆ ತಿಳಿದಿತ್ತು. ಬಡಗರ ಹಟ್ಟಿಗಳಲ್ಲಿ ಮನೆಗಳು ಒಂದಕ್ಕೊಂದು ಗೋಡೆ ಹಂಚಿಕೊಂಡು ಸಾಲಾಗಿ ನಿಂತವು. ತೊದವರು ಬಿದಿರು, ಬೆತ್ತ, ಹುಲ್ಲುಗಳನ್ನೇ ಬಾಗಿಸಿ ಕಮಾನಿನ ಗುಡಿಸಲು ಹೆಣೆದರು. ಜೌಗು ಬತ್ತಿ ಆ ಹುಲ್ಲು ಅಪರೂಪವಾದರೆ ಗುಡಿಸಲೂ ಇಲ್ಲ. ಇದು ಪರಂಪರೆಯಲ್ಲವೇ?

ಆದುದರಿಂದ ಶಾಲೆಯೊಂದನ್ನು ಪಾರಂಪರಿಕವೆಂದು ಘೋಷಿಸುವ ಆದೇಶದಲ್ಲಿ ಗೋಪುರದ ಅಳತೆಯ ಜೊತೆಗೆ ಮೇಲಿನ ಹುಲ್ಲುಗಾವಲು, ಕೆಳಗಿನ ಒರತೆ, ಮಳೆನೀರಿನ ದಾರಿ ಇವುಗಳ ಗಡಿಯೂ ಗುರುತಾಗಬೇಕು. ಆ ಗಡಿಯೊಳಗೆ ಇಳಿಜಾರು ಕಡಿಯುವ ಯಂತ್ರಕ್ಕೆ ಪ್ರವೇಶವಿರಕೂಡದು. ಸುಣ್ಣದ ಗಾರೆಯ ಕಸುಬನ್ನು ಕಣಿವೆಯ ಯುವಕರಿಗೆ ಕಲಿಸುವ ವೆಚ್ಚವನ್ನು ಇಂಥ ಶಾಲೆಗಳೇ ಭರಿಸಲಿ. ಹಿಂಗಾರಿಗೆ ಮೊದಲು ಚರಂಡಿಗಳ ಹೂಳು ತೆಗೆದಿದೆಯೇ ಎಂದು ಆವರಣದೊಳಗೆ ಬಂದು ನೋಡುವ ಹಕ್ಕು ಕೆಳಗಿನ ಹಳ್ಳಿಗಳ ಗ್ರಾಮಸಭೆಗೆ ಅದೇ ಆದೇಶದಲ್ಲಿ ದೊರೆಯಬೇಕು.